ಯಾವ ಕಂಪನಿ ಅಂತ ಕೇಳದ ವಾಷರ್

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಊರ ಬೋರಿಂಗ್, ಅಂದರೆ ಕೈಪಂಪು, ಕೆಟ್ಟರೆ ತಾಲ್ಲೂಕಿನಿಂದ ಜೀಪು ಬರುತ್ತಿತ್ತು. ಅದರಿಂದ ಇಳಿದ ಮೆಕ್ಯಾನಿಕ್ ನೇರವಾಗಿ ಸ್ಪ್ಯಾನರ್‌ಗೆ ಕೈ ಹಾಕುತ್ತಿರಲಿಲ್ಲ. ಕೊಡ ಇಟ್ಟುಕೊಂಡು ನಿಂತ ಹೆಂಗಸರನ್ನು ಮೊದಲು ಕೇಳುತ್ತಿದ್ದರು: "ಅಕ್ಕಾ, ಬೆಳಿಗ್ಗೆ ಎಷ್ಟು ಸಲ ಹೊಡೆದ ಮೇಲೆ ನೀರು ಬರುತ್ತೆ?"

"ಇಪ್ಪತ್ತು ಮೂವತ್ತು ಸಲ ಹೊಡೀಬೇಕಪ್ಪಾ, ಆಮೇಲೆ ಸರಿಯಾಗೇ ಬರುತ್ತೆ" ಅಂದರೆ ತಳದ ವಾಲ್ವು ಸೋರುತ್ತಿದೆ ಎಂದು ಅರ್ಥ. ರಾತ್ರಿಯೆಲ್ಲ ಪೈಪಿನಲ್ಲಿದ್ದ ನೀರು ಕೆಳಗಿಳಿದು ಹೋಗಿರುತ್ತದೆ. ನೀರು ಬೇಗ ಬರುತ್ತೆ, ಆದರೆ ಕೊಡ ತುಂಬೋಕೆ ಜಾಸ್ತಿ ಹೊತ್ತು ಬೇಕು ಅಂದರೆ ಪಿಸ್ಟನ್ನಿನ ವಾಷರ್ ಸವೆದಿದೆ. ಹಿಡಿಗೆ ಭಾರವೇ ಇಲ್ಲ, ಸುಮ್ನೆ ಆಡುತ್ತೆ, ನೀರೂ ಇಲ್ಲ ಅಂದರೆ ಒಳಗಿನ ಸರಳು ಎಲ್ಲೋ ಕಳಚಿಕೊಂಡಿದೆ. 30 ಮೀಟರ್ ಆಳದಲ್ಲಿ ಏನಾಗಿದೆ ಅನ್ನೋದನ್ನು ಅವರು ನೆಲದ ಮೇಲೆ ನಿಂತು, ದಿನಾ ನೀರು ಸೇದುವವರ ಮಾತಿನಿಂದಲೇ ತಿಳಿದುಕೊಳ್ಳುತ್ತಿದ್ದರು.

ಆ ಪಂಪಿನ ಹೆಸರು ಇಂಡಿಯಾ ಮಾರ್ಕ್ 2. ನೀವೂ ನೂರಾರು ಸಲ ನೋಡಿರುತ್ತೀರಿ. ಮೂರು ಕಾಲಿನ ಕಬ್ಬಿಣದ ಕಂಬ, ಮೇಲೆ ಚೌಕಾಕಾರದ ತಲೆ, ಉದ್ದನೆಯ ಗಟ್ಟಿ ಹಿಡಿ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕೈಪಂಪು ಇದೇ. ಇದಕ್ಕೆ ಪೇಟೆಂಟ್ ಇಲ್ಲ. ಒಡೆಯರೂ ಇಲ್ಲ. ನಕ್ಷೆ ಎಲ್ಲರದು, ಯಾರು ಬೇಕಾದರೂ ತಯಾರಿಸಬಹುದು. ಸಾಫ್ಟ್‌ವೇರ್ ಜನ 'ಓಪನ್ ಸೋರ್ಸ್' ಎಂಬ ಮಾತು ಹುಟ್ಟುಹಾಕಿದ್ದು 1998ರಲ್ಲಿ. ಅದಕ್ಕೂ 20 ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ಅಂಥದ್ದೊಂದು ಯಂತ್ರ ನೀರು ಕೊಡುತ್ತಿತ್ತು.

ಶುರುವಾಗಿದ್ದು ಬರದಿಂದ. 1966-67ರಲ್ಲಿ ಬಿಹಾರದಲ್ಲಿ ಭೀಕರ ಬರ ಬಿತ್ತು. ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಯುನಿಸೆಫ್ ತರಿಸಿತು. ಗಾಳಿಯ ಒತ್ತಡದಿಂದ ಕುಟ್ಟಿ ಕುಟ್ಟಿ ಕೊರೆಯುವ ಯಂತ್ರಗಳು. ನಮ್ಮ ದಖ್ಖನ್ನಿನ ಕಲ್ಲಿಗೂ ಅವು ಸರಿಹೋದವು. ತಿಂಗಳುಗಟ್ಟಲೆ ಬಾವಿ ತೋಡುತ್ತಿದ್ದ ಜಾಗದಲ್ಲಿ ಒಂದೆರಡು ದಿನಕ್ಕೆ ಕೊಳವೆಬಾವಿ ಸಿದ್ಧವಾಗತೊಡಗಿತು. ಅದರ ಮೇಲೆ ಕೂರಿಸಿದ ಪಂಪು ಮಾತ್ರ ಬಾಳಲಿಲ್ಲ. ಅವು ಯುರೋಪು, ಅಮೆರಿಕದ ತೋಟದ ಮನೆಗಳ ಬೀಡುಕಬ್ಬಿಣದ ಪಂಪುಗಳ ನಕಲು. ಒಂದು ಸಂಸಾರ ದಿನಕ್ಕೆ ಹತ್ತಿಪ್ಪತ್ತು ಸಲ ಬಳಸಲಿ ಅಂತ ಮಾಡಿದ್ದು. ನಮ್ಮಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ ಇಡೀ ಊರೇ ಅದನ್ನು ಹೊಡೆಯುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಲೆಕ್ಕ ಹಾಕಿದಾಗ ಹಾಕಿದ ಪಂಪುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು. ಬಾವಿಯಲ್ಲಿ ನೀರಿದೆ, ಮೇಲೆ ತರಲು ದಾರಿ ಇಲ್ಲ. ಇದಕ್ಕಿಂತ ಸಂಕಟ ಬೇಕಾ?

ದಾರಿ ತೋರಿಸಿದ್ದು ದೊಡ್ಡ ಪ್ರಯೋಗಾಲಯ ಅಲ್ಲ. ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರದಲ್ಲಿ ಮಿಷನ್ ಸಂಸ್ಥೆಗಳವರು, ಅವರ ಜೊತೆಗಿದ್ದ ಸ್ಥಳೀಯ ಮೆಕ್ಯಾನಿಕ್‌ಗಳು ತಮ್ಮ ವರ್ಕ್‌ಶಾಪಿನಲ್ಲೇ ಬೀಡುಕಬ್ಬಿಣ ಬಿಟ್ಟು ಉಕ್ಕನ್ನು ಕತ್ತರಿಸಿ, ಬೆಸುಗೆ ಹಾಕಿ ಪಂಪು ಮಾಡಿಕೊಂಡಿದ್ದರು. ಸುತ್ತಲ ಪಂಪುಗಳೆಲ್ಲ ಕೆಟ್ಟಿದ್ದಾಗ ಸೊಲ್ಲಾಪುರದ ಪಂಪು ನಡೆಯುತ್ತಿತ್ತು. ಕೇಂದ್ರ ಸರ್ಕಾರ, ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಬುನಾದಿ ಮಾಡಿಕೊಂಡವು. ಮದ್ರಾಸಿನಲ್ಲಿ ಕಾರ್ಖಾನೆಯಿದ್ದ ಸರ್ಕಾರಿ ಕಂಪನಿ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಜೊತೆಗೂಡಿತು. ಅಂತರ್ಜಲ ಆಳದಲ್ಲಿರುವ ಕೊಯಮತ್ತೂರಿನ ಸುತ್ತ ಮಾದರಿಗಳನ್ನು ಹಾಕಿ, ಜನ ಬಳಸುವಾಗಲೇ ಪರೀಕ್ಷೆ ಮಾಡಿದರು. ಸಾಮಾನ್ಯ ವರ್ಕ್‌ಶಾಪಿನಲ್ಲೂ ತಯಾರಾಗಬೇಕು ಅನ್ನೋದು ಮೊದಲಿನಿಂದಲೂ ಇದ್ದ ಷರತ್ತು.

ಈ ಪಂಪಿನ ಒಳಗನ್ನು ಒಂದು ಸಲ ನೋಡಬೇಕು. ತಲೆಯ ಮುಚ್ಚಳ ತೆಗೆದರೆ ಹಿಡಿಯ ಒಳತುದಿಯಲ್ಲಿ ಬಿಲ್ಲಿನಂತೆ ಬಾಗಿದ ಒಂದು ಕಬ್ಬಿಣದ ತುಂಡು ಕಾಣುತ್ತದೆ. ಅದರ ಮೇಲೆ ಒಂದು ಸರಪಳಿ. ಹೆಚ್ಚುಕಡಿಮೆ ಬೈಕಿನ ಚೈನಿನಂಥದ್ದೇ. ಸರಪಳಿಗೆ 12 ಮಿಲಿಮೀಟರ್ ದಪ್ಪದ ಸರಳು, ಸರಳಿನ ಕೊನೆಗೆ ಪಿಸ್ಟನ್. ಸರಪಳಿ ಯಾಕೆ? ಹಿಡಿಯ ತುದಿ ಕಮಾನಿನಂತೆ ತಿರುಗುತ್ತದೆ. ಸರಳು ಮಾತ್ರ ತೂಗುಗುಂಡಿನ ದಾರದಂತೆ ನೆಟ್ಟಗೆ ಏರಿಳಿಯಬೇಕು. ಹಳೆಯ ಪಂಪುಗಳಲ್ಲಿ ಹಿಡಿ ಸರಳನ್ನು ಪಕ್ಕಕ್ಕೂ ಎಳೆದು, ಕೀಲುಗಳೆಲ್ಲ ಸವೆದು ಹೋಗುತ್ತಿದ್ದವು. ಇಲ್ಲಿ ಬಿಲ್ಲು ತಿರುಗಿದ ಹಾಗೆ ಸರಪಳಿ ಅದಕ್ಕೆ ಸುತ್ತಿಕೊಳ್ಳುತ್ತದೆ, ಎಳೆತ ಯಾವಾಗಲೂ ನೆಟ್ಟಗೆ. ಸರಪಳಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ ಅಲ್ವಾ? ಅದಕ್ಕೇ ಪಿಸ್ಟನ್ ಕೆಳಗಿಳಿಯುವುದು ಸರಳಿನ ಸ್ವಂತ ಭಾರದಿಂದ.

ಸ್ವಲ್ಪ ಲೆಕ್ಕ ಮಾಡೋಣ. ಸಿಲಿಂಡರಿನ ಅಡ್ಡಳತೆ 63.5 ಮಿಲಿಮೀಟರ್, ಅಂದರೆ ಎರಡೂವರೆ ಇಂಚು. ನೀರು 30 ಮೀಟರ್ ಆಳದಲ್ಲಿದ್ದರೆ ಪಿಸ್ಟನ್ ಎತ್ತಬೇಕಾದ ಭಾರ ಸುಮಾರು 95 ಕಿಲೋ. ಹತ್ತು ಹನ್ನೆರಡು ವರ್ಷದ ಹುಡುಗಿಯೂ ಇದನ್ನು ಹೊಡೆಯುತ್ತಾಳೆ. ಹೇಗೆ? ಹಿಡಿ ಒಂದು ಸನ್ನೆಕೋಲು, ಹಾಕಿದ ಬಲವನ್ನು 8 ಪಟ್ಟು ಮಾಡುತ್ತದೆ. ಒತ್ತುವ ಕಡೆ 12 ಕಿಲೋ ಭಾರ ಬಿದ್ದರೆ ಸಾಕು. ಸರಳುಗಳೇ 25 ಕಿಲೋ ದಾಟುತ್ತವೆ. ಅದನ್ನು ಸರಿದೂಗಿಸಲೆಂದೇ ಹಿಡಿಯನ್ನು ಪೊಳ್ಳು ಪೈಪಿನಿಂದ ಮಾಡದೆ 32 ಮಿಲಿಮೀಟರ್ ಚೌಕದ ಗಟ್ಟಿ ಉಕ್ಕಿನಿಂದ ಮಾಡಿದ್ದಾರೆ. ಚಿಕ್ಕವನಿದ್ದಾಗ "ಈ ಹಿಡಿ ಯಾಕಪ್ಪಾ ಇಷ್ಟು ಭಾರ" ಅಂದುಕೊಳ್ಳುತ್ತಿದ್ದೆ. ಆ ಭಾರ ನನ್ನ ಪರವಾಗಿಯೇ ಕೆಲಸ ಮಾಡುತ್ತಿತ್ತು ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಿಸ್ಟನ್ ಒಂದು ಸಲ ಏರುವುದು 125 ಮಿಲಿಮೀಟರ್. ಆಗ ಬರುವ ನೀರು ಸುಮಾರು 400 ಮಿಲಿಲೀಟರ್, ಎರಡು ಲೋಟದಷ್ಟು. 15 ಲೀಟರಿನ ಕೊಡಕ್ಕೆ 40 ಸಲ ಹೊಡೆದರೆ ಆಯಿತು.

1979ರಲ್ಲಿ ಈ ಪಂಪಿಗೆ ಭಾರತೀಯ ಮಾನಕ ಬಂತು, ಐಎಸ್ 9301. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲೇ ಇದೆ. ನಕ್ಷೆ ಬಿಟ್ಟುಕೊಡುವುದು ಕಷ್ಟವಲ್ಲ. ನಕ್ಷೆ ಸಿಕ್ಕಿದ ಹತ್ತಾರು ಕಾರ್ಖಾನೆಗಳು ಒಂದೇ ಅಳತೆಗೆ ಮಾಡುವಂತೆ ನೋಡಿಕೊಳ್ಳುವುದು ಕಷ್ಟ. ಒಬ್ಬ ಖರ್ಚು ಉಳಿಸಲು ಸರಳನ್ನು ಒಂದು ಮಿಲಿಮೀಟರ್ ಸಣ್ಣ ಮಾಡಿದ, ಇನ್ನೊಬ್ಬ ತಿರುಪಿನ ಸುತ್ತು ಬದಲಿಸಿದ ಅಂದುಕೊಳ್ಳಿ. ಎರಡು ವರ್ಷದಲ್ಲಿ ಪ್ರತಿ ಊರಿಗೂ ಬೇರೆ ಬೇರೆ ಬಿಡಿಭಾಗ ಬೇಕಾಗುತ್ತದೆ. ಹಾಗಾಗದಿರಲಿ ಅಂತ ಪ್ರತಿ ಅಳತೆಗೂ ಗೇಜ್ ಎಂಬ ಅಳತೆಯ ಸಾಧನ ಇಟ್ಟರು. ತೂತಿನೊಳಗೆ ಗೇಜಿನ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಓದು ಬರದವರೂ ಇದನ್ನು ಹಿಡಿದು ಮಾಲು ಸರಿಯೋ ತಪ್ಪೋ ಹೇಳಬಹುದು. ತಯಾರಕರಿಗೂ ಖರೀದಿದಾರರಿಗೂ ಸಂಬಂಧವಿಲ್ಲದ ಹೊರಗಿನವರು ಕಾರ್ಖಾನೆಗೆ ಹೋಗಿ ತಪಾಸಣೆ ಮಾಡುವ ಏರ್ಪಾಟೂ ಆಯಿತು.

ಮನೆಯ ಮಿಕ್ಸಿ ಜಾರಿನ ಕಪ್ಲರ್ ಹೋದರೆ ಏನಾಗುತ್ತೆ ನೋಡಿ. ಅಂಗಡಿಯವರ ಮೊದಲ ಪ್ರಶ್ನೆ: ಯಾವ ಕಂಪನಿ? ಎರಡನೆಯದು: ಯಾವ ಮಾಡೆಲ್? ಹಳೆಯ ಮಾಡೆಲ್ ಆದರೆ ಕಥೆ ಮುಗಿಯಿತು. ಕೈಪಂಪಿನ ವಾಷರ್ ಕೇಳಿ ನೋಡಿ. ಮಾರ್ಕ್ 2 ಅಂದರೆ ಸಾಕು. ತಮಿಳುನಾಡಿನಲ್ಲಿ ಮಾಡಿದ ಪಂಪಿಗೆ ಪಂಜಾಬಿನ ವಾಷರ್ ಕೂರುತ್ತದೆ. ಓಪನ್ ಹಾರ್ಡ್‌ವೇರ್, ಅಂದರೆ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ ಯಂತ್ರ, ಅಂದಾಗ ಇವತ್ತಿನ ಹುಡುಗರು ಮೊದಲು ಹೇಳುವುದು "ಯಾರು ಬೇಕಾದರೂ ಬದಲಿಸಿಕೊಳ್ಳಬಹುದು" ಅಂತ. ಅದೂ ದೊಡ್ಡ ವಿಷಯವೇ. ಆದರೆ ನಮ್ಮೂರ ಹೆಂಗಸರಿಗೆ ನೀರು ಕೊಟ್ಟದ್ದು, ಯಾರು ಬೇಕಾದರೂ ಮಾಡಬಹುದು, ಅಳತೆಯನ್ನು ಮಾತ್ರ ಒಬ್ಬೊಬ್ಬರೇ ಬದಲಿಸುವ ಹಾಗಿಲ್ಲ ಎಂಬ ಒಪ್ಪಂದ.

ಹಾಗಂತ ಎಲ್ಲವೂ ಸರಿಯಿತ್ತು ಅಂತ ಹೇಳಲಾರೆ. ಮಾರ್ಕ್ 2 ಸುಲಭಕ್ಕೆ ಕೆಡುವುದಿಲ್ಲ, ಕೆಟ್ಟರೆ ಸುಲಭಕ್ಕೆ ಬಿಚ್ಚಲೂ ಆಗುವುದಿಲ್ಲ. ಕೆಲವೇ ರೂಪಾಯಿಯ ವಾಷರ್ ಬದಲಿಸಲು 30 ಮೀಟರ್ ಕಬ್ಬಿಣದ ಪೈಪನ್ನು ಪೂರ್ತಿ ಮೇಲೆತ್ತಬೇಕು. ಅದಕ್ಕೇ ಜೀಪು, ಅದಕ್ಕೇ ನಾಲ್ಕೈದು ಜನ. ಜೀಪು ಬರುವವರೆಗೆ ಊರು ಕಾಯಬೇಕು. ನಮ್ಮೂರೂ ವಾರಗಟ್ಟಲೆ ಕಾದಿದೆ, ಅಮ್ಮ ಎರಡು ಮೈಲಿ ನಡೆದು ಕೆರೆಯಿಂದ ನೀರು ತಂದಿದ್ದಾಳೆ. 1980ರ ದಶಕದಲ್ಲಿ ಮತ್ತೆ ಕೊಯಮತ್ತೂರಿನಲ್ಲೇ ಪ್ರಯೋಗ ನಡೆದು ಮಾರ್ಕ್ 3 ಹುಟ್ಟಿತು. ಅದರಲ್ಲಿ ಪೈಪಿನ ಅಗಲ ಎರಡೂವರೆ ಇಂಚು. ಪೈಪು ಬಾವಿಯಲ್ಲೇ ಇರುತ್ತದೆ, ಸರಳು ಮತ್ತು ಪಿಸ್ಟನ್ ಮಾತ್ರ ಅದರೊಳಗಿಂದಲೇ ಮೇಲೆ ಬರುತ್ತವೆ. ಊರಿನ ಇಬ್ಬರು ಸೇರಿ ವಾಷರ್ ಬದಲಿಸಬಹುದು. ಅದೇ ಪ್ರಯೋಗದಲ್ಲಿ ಚರ್ಮದ ವಾಷರಿನ ಬದಲು ನೈಟ್ರೈಲ್ ರಬ್ಬರಿನದು ಹಾಕಿದಾಗ ಎಷ್ಟೋ ಪಟ್ಟು ಜಾಸ್ತಿ ಬಾಳಿಕೆ ಬಂತು. ಅಗಲ ಪೈಪಿಗೆ ಬೆಲೆ ಹೆಚ್ಚು. ಹಾಗಾಗಿ ಖರೀದಿಯಲ್ಲಿ ಮಾರ್ಕ್ 2 ಮುಂದೆ ಉಳಿಯಿತು. ಹಾಕುವ ದಿನದ ಬೆಲೆ ನೋಡಿದರು, ರಿಪೇರಿಯ ದಿನಗಳ ಬೆಲೆ ನೋಡಲಿಲ್ಲ. ಈ ಲೆಕ್ಕ ತಪ್ಪು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ರಾಜಸ್ಥಾನದ ತಿಲೋನಿಯಾದಲ್ಲಿ ಹಳ್ಳಿಯವರಿಗೇ ತರಬೇತಿ ಕೊಟ್ಟು ಕೈಪಂಪು ಮಿಸ್ತ್ರಿಗಳನ್ನಾಗಿ ಮಾಡಿದರು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ ದಲಿತ ಹೆಂಗಸರು ಈ ಕೆಲಸ ಕಲಿತರು. ನೀರು ಮುಟ್ಟಬೇಡ ಅನ್ನಿಸಿಕೊಂಡವರು ಸ್ಪ್ಯಾನರ್ ಹಿಡಿದು ಬಂದರೆ ಮಾತ್ರ ಊರಿಗೆಲ್ಲ ನೀರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪಂಪು ಆಫ್ರಿಕಕ್ಕೂ ಹೋಯಿತು. ಉಗಾಂಡದಲ್ಲಿ ಅದನ್ನು ತಮ್ಮ ದೇಶದ ಮಾನಕವಾಗಿ ಮಾಡಿಕೊಂಡು ಯು2, ಯು3 ಅಂತ ಹೆಸರಿಟ್ಟರು. ಘಾನಾದವರು ತಮಗೆ ಬೇಕಾದಂತೆ ತಿದ್ದಿಕೊಂಡರು. ತಿದ್ದಲೇಬೇಕಿತ್ತು. ಅಲ್ಲಿ ಎಷ್ಟೋ ಕಡೆ ಅಂತರ್ಜಲಕ್ಕೆ ಹುಳಿ ಗುಣವಿದೆ, ಸತು ಬಳಿದ ಕಬ್ಬಿಣದ ಪೈಪನ್ನು ಅದು ಕೆಲವೇ ವರ್ಷದಲ್ಲಿ ತಿಂದುಹಾಕುತ್ತದೆ. ನೀರು ಕೆಂಪಗೆ, ಕಹಿಯಾಗಿ ಬರುತ್ತದೆ. ಜನ ಪಂಪು ಬಿಟ್ಟು ಮತ್ತೆ ಹಳ್ಳದ ನೀರಿಗೆ ಹೋಗುತ್ತಾರೆ. ನಮ್ಮ ನೆಲಕ್ಕೆ ಒಗ್ಗಿದ ಪೈಪು ಅವರ ನೆಲಕ್ಕೆ ಒಗ್ಗಲಿಲ್ಲ. ಅಲ್ಲೀಗ ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಪ್ಲಾಸ್ಟಿಕ್ ಪೈಪು ಬೇಕು. ಜಿಂಬಾಬ್ವೆಯಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಅಲ್ಲಿನ ಬುಷ್ ಪಂಪಿನ ಮೂಲ 1933ರದು. ಹಿಡಿ ತಿರುಗುವ ಕಡೆ ಬೇರಿಂಗ್ ಬದಲು ಎಣ್ಣೆಯಲ್ಲಿ ನೆನೆಸಿದ ಗಟ್ಟಿ ಮರದ ದಿಮ್ಮಿ. ಮರ ಅಲ್ಲೇ ಸಿಗುತ್ತದೆ, ಬಡಗಿಯೂ ಅಲ್ಲೇ ಇದ್ದಾನೆ. ಅದನ್ನು ಸುಧಾರಿಸಿದ ಪೀಟರ್ ಮಾರ್ಗನ್ ಪೇಟೆಂಟ್ ಮಾಡಿಸಲಿಲ್ಲ. ಈ ಎಲ್ಲ ಪಂಪುಗಳ ನಕ್ಷೆಗಳು ಇವತ್ತು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ.

ನಮ್ಮ ಕಡೆ ಈಗ ಕೈಪಂಪಿನ ದಿನ ಮುಗಿಯಿತು ಅನ್ನುವವರೇ ಹೆಚ್ಚು. ಮಾಮೂಲಿ ಮಾರ್ಕ್ 2 ಎತ್ತಬಲ್ಲದ್ದು ಸುಮಾರು 45 ಮೀಟರ್ ಆಳದಿಂದ. ಕೋಲಾರದ ಸುತ್ತ ಹಲವು ಕಡೆ 1000 ಅಡಿ ದಾಟಿದರೂ ನೀರು ಸಿಕ್ಕಿಲ್ಲ. ಎಷ್ಟೋ ಊರುಗಳಲ್ಲಿ ಪಂಪಿನ ತಲೆ ಕಿತ್ತು ಅದೇ ಕೊಳವೆಗೆ ಮೋಟರ್ ಇಳಿಸಿದ್ದಾರೆ. ಇಳಿದ ಅಂತರ್ಜಲವನ್ನು ಯಾವ ನಕ್ಷೆಯೂ ಮೇಲೆ ತರಲಾರದು, ಆ ಕೆಲಸ ಕೆರೆಗಳದ್ದು, ನಮ್ಮದು.

ನಮ್ಮೂರ ಶಾಲೆಯ ಬೋರಿಂಗ್ ಮಾತ್ರ ಇನ್ನೂ ಇದೆ. ಪಕ್ಕದ ಕೆರೆಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೇ ಇರಬೇಕು. ಹೋದ ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಟ್ಯಾಂಕ್ ಖಾಲಿ. ಜನ ಕೊಡ ಹಿಡಿದು ಬೋರಿಂಗ್ ಹತ್ತಿರ ಬಂದರು. ಐವತ್ತು ಸಲ ಹೊಡೆದರೂ ನೀರಿಲ್ಲ. ಆಮೇಲೆ ಸಣ್ಣಗೆ ಬಂತು. ನಾನೂ ಅಲ್ಲಿದ್ದೆ. ತಳದ ವಾಲ್ವು, ವಾಷರ್ ಎರಡೂ ಹೋಗಿವೆ ಅಂತ ನನಗೇ ಗೊತ್ತಾಯಿತು. ನಿವೃತ್ತರಾಗಿರುವ ಹಳೆಯ ಮೆಕ್ಯಾನಿಕ್ ಪಕ್ಕದೂರಿನಲ್ಲೇ ಇದ್ದಾರೆ. ಬೈಕಿನಲ್ಲಿ ಹೋಗಿ ಕರೆದುಕೊಂಡು ಬಂದೆವು. ಕ್ಲಾಂಪು, ಸ್ಪ್ಯಾನರ್ ಅವರ ಮನೆಯಲ್ಲೇ ಇದ್ದವು. ಮೂರು ಮೀಟರಿನ ಹತ್ತು ಪೈಪು, ಒಂದೊಂದೇ ಎತ್ತಿ, ಕ್ಲಾಂಪು ಹಾಕಿ, ಬಿಚ್ಚಿ ಮಲಗಿಸಿದೆವು. ಆರು ಜನರ ಅಂಗೈ ಕೆಂಪಾದವು. ಕೊನೆಗೆ ಮೇಲೆ ಬಂದ ಸಿಲಿಂಡರಿನೊಳಗಿಂದ ಅವರು ಹಳೆಯ ವಾಷರ್ ತೆಗೆದು ನನ್ನ ಕೈಗಿಟ್ಟರು. ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಗೆ ಅದನ್ನು ಒಯ್ದೆ. ಅಂಗಡಿಯವರು ಕೈಯಲ್ಲಿ ಹಿಡಿದು ನೋಡಲೂ ಇಲ್ಲ. "ಮಾರ್ಕ್ 2 ತಾನೆ? ಎರಡು ಬೇಕಲ್ವಾ?" ಅಂದರು.

ಸಂಜೆ ಐದಕ್ಕೆ ಪಂಪು ಮತ್ತೆ ಜೋಡಿಸಿ ಮುಗಿಯಿತು. ಮೆಕ್ಯಾನಿಕ್ ಒಂದು ಕೊಡ ಇಡಿಸಿ, ಹಿಡಿಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು, ಜೋರಾಗಿ ಎಣಿಸು ಅಂದರು. ಅವಳು ನಲವತ್ತೊಂದು ಅನ್ನುವಾಗ ನೀರು ಕೊಡದ ಕಂಠ ದಾಟಿ ಹೊರಗೆ ಚೆಲ್ಲಿತು.