ರಿಪೋರ್ಟ್ ನಾರ್ಮಲ್, ಆದರೂ ಹುಷಾರಿಲ್ಲ

“ಡಾಕ್ಟ್ರೇ, ಎಲ್ಲಾ ನಾರ್ಮಲ್ ಅಂತೀರಿ, ಮತ್ತೆ ನನಗ್ಯಾಕೆ ಇಷ್ಟು ಸುಸ್ತು?” ಎಂದು ಕೇಳುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ಇನ್ನು ಕೆಲವರಿಗೆ ಮೈಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ; ರಿಪೋರ್ಟಿನಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಬಂದಿದೆ, ಅಷ್ಟಕ್ಕೇ ನಿದ್ದೆ ಹೋಗಿರುತ್ತದೆ. ಇವರಲ್ಲಿ ರೋಗಿ ಯಾರು?

ಆರೋಗ್ಯವಂತರೆಂದು ಆರಿಸಿಕೊಂಡವರನ್ನು ಪರೀಕ್ಷಿಸಿ, ನಡುವಿನ ಶೇ. 95 ಮಂದಿಯ ಅಂಕಿಗಳನ್ನು ‘ನಾರ್ಮಲ್’ ಎನ್ನುವುದು ಲ್ಯಾಬ್‌ಗಳ ಸಾಮಾನ್ಯ ಪದ್ಧತಿ. ಅಂದಮೇಲೆ ಗಟ್ಟಿಮುಟ್ಟಾಗಿರುವ 20 ಜನರಲ್ಲಿ ಒಬ್ಬರು ಗೆರೆಯಾಚೆ ಇದ್ದೇ ಇರುತ್ತಾರೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಒಂದಾದರೂ ಗೆರೆ ದಾಟುವ ಸಾಧ್ಯತೆ ಸುಮಾರು ಶೇ. 64. ಫುಲ್ ಬಾಡಿ ಚೆಕಪ್ ಮಾಡಿಸಿ ಗಾಬರಿಯಾಗಿ ಬಂದವರಿಗೆ ನಾನು ಮೊದಲು ಹೇಳುವುದು ಈ ಲೆಕ್ಕ.

ಬಿಪಿಯ ಗೆರೆಯ ಕಥೆಯೇ ಬೇರೆ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು ಅದನ್ನು 140/90ರಿಂದ 130/80ಕ್ಕೆ ಇಳಿಸಿದವು. ಮರುವರ್ಷ ಯುರೋಪಿನ ತಜ್ಞರು 140/90 ಅನ್ನೇ ಉಳಿಸಿಕೊಂಡರು. ಹಾಗಾಗಿ 135/85 ಇದ್ದವರು ಅಮೆರಿಕದಲ್ಲಿ ರೋಗಿ, ಯುರೋಪಿನಲ್ಲಿ ಅಲ್ಲ. ಇದರಲ್ಲಿ ಮೋಸವೇನಿಲ್ಲ. ಬಿಪಿ ಏರಿದಂತೆ ಪಾರ್ಶ್ವವಾಯುವಿನ ಅಪಾಯವೂ ಸ್ವಲ್ಪಸ್ವಲ್ಪವೇ ಏರುತ್ತದೆ. ‘ಇಲ್ಲಿಂದ ರೋಗ’ ಎಂಬ ಗಡಿಕಲ್ಲು ದೇಹದೊಳಗಿಲ್ಲ, ಅದನ್ನು ನೆಡುವವರು ನಾವೇ.

ಕ್ರಿಸ್ಟೋಫರ್ ಬೂರ್ಸ್ ಎಂಬ ತತ್ತ್ವಜ್ಞಾನಿ 1977ರಲ್ಲಿ, ಒಂದು ಜೀವಜಾತಿಗೆ ಸಹಜವಾದ ಮಟ್ಟಕ್ಕಿಂತ ಅಂಗದ ಕೆಲಸ ಕುಗ್ಗಿದರೆ ಅದು ರೋಗ, ಇದರಲ್ಲಿ ನಮ್ಮ ಇಷ್ಟಾನಿಷ್ಟಗಳಿಗೆ ಜಾಗವಿಲ್ಲ ಎಂದು ವಾದಿಸಿದ. ಅಚ್ಚುಕಟ್ಟಾದ ವಾದ. ಆದರೆ ಎಷ್ಟು ಕುಗ್ಗಿದರೆ ರೋಗ ಎನ್ನುವಲ್ಲಿ ಮತ್ತೆ ಗಡಿಕಲ್ಲಿನ ಪ್ರಶ್ನೆಯೇ. ಅದಕ್ಕೂ ಮೊದಲು, 1943ರಲ್ಲಿ, ಫ್ರಾನ್ಸಿನ ವೈದ್ಯ-ದಾರ್ಶನಿಕ ಜಾರ್ಜ್ ಕಾಂಗಿಲೆಮ್ ಬೇರೆ ದಾರಿ ಹಿಡಿದಿದ್ದ: ನರಳುವವರು ಇರುವುದರಿಂದಲೇ ವೈದ್ಯಶಾಸ್ತ್ರ ಇದೆ; ಬದಲಾದ ಪರಿಸ್ಥಿತಿಗೆ ತಕ್ಕಂತೆ ಹೊಸದಾಗಿ ಬದುಕು ಹೊಂದಿಸಿಕೊಳ್ಳುವ ಕಸುವೇ ಆರೋಗ್ಯ. ‘ಹುಷಾರಿಲ್ಲ’ ಎನ್ನುವ ನಮ್ಮ ಮಾತಿನಲ್ಲೂ ಯಾವ ಅಂಗದ ಹೆಸರಿಲ್ಲ, ಯಾವ ಅಂಕಿಯೂ ಇಲ್ಲ, ನೋಡಿ.

ನನ್ನ ಒಲವು ಕಾಂಗಿಲೆಮ್ ಕಡೆಗೆ. ಪೂರ್ತಿಯಾಗಿ ಅಲ್ಲ, ಸದ್ದಿಲ್ಲದೆ ಕಿಡ್ನಿ ಕೆಡಿಸುವ ಬಿಪಿಯನ್ನು ಕಂಡವನು ‘ನೋವಿಲ್ಲವಾದ್ದರಿಂದ ರೋಗವಿಲ್ಲ’ ಎನ್ನಲಾರ.

ಸುಸ್ತೆಂದು ಬಂದವರ ಚೀಟಿಯಲ್ಲಿ ಮೊದಲೆಲ್ಲ ‘ಏನೂ ತೊಂದರೆ ಇಲ್ಲ’ ಎಂದು ಬರೆಯುತ್ತಿದ್ದೆ. ಈಗ ‘ಈ ಪರೀಕ್ಷೆಗಳಲ್ಲಿ ಕಾರಣ ಸಿಕ್ಕಿಲ್ಲ’ ಎಂದು ಬರೆದು, ತಿಂಗಳು ಬಿಟ್ಟು ಬರಲು ಹೇಳುತ್ತೇನೆ.