ಕೆಲಸ ಬಿಡುವವರ ಹಿಂದೆ ಗ್ರಾಹಕರೂ ಹೊರಟರೆ

ಸಣ್ಣ ಉದ್ದಿಮೆಯ ಗ್ರಾಹಕರು ಸಂಸ್ಥೆಯ ಹೆಸರಿಗಿಂತ ಹೆಚ್ಚಾಗಿ ಒಬ್ಬ ವ್ಯಕ್ತಿಯನ್ನು ನಂಬಿರುತ್ತಾರೆ. ಕೊಟೇಶನ್ ಕಳಿಸುವವರು, ಮಾಲು ತಡವಾದಾಗ ಫೋನ್ ಎತ್ತುವವರು, ಬಿಲ್ಲಿನ ತಪ್ಪನ್ನು ತಿದ್ದಿಕೊಡುವವರು ಎಲ್ಲ ಅವರೇ. ಆ ನೌಕರರು ಹೊರಟಾಗ ಗ್ರಾಹಕರೂ ಹಿಂದೆ ಹೋಗಲು ಪಿತೂರಿಯೇ ನಡೆಯಬೇಕೆಂದಿಲ್ಲ. ಆದ್ದರಿಂದ ಯಾರ ನಿಯತ್ತನ್ನಾದರೂ ಅನುಮಾನಿಸುವ ಮೊದಲು, ಗ್ರಾಹಕರು ಕರೆ ಮಾಡುವುದು ಯಾರ ನಂಬರಿಗೆ ಎಂದು ನೋಡಿಕೊಳ್ಳಿ.

ಅದಕ್ಕೆ ಅರ್ಧ ದಿನದ ಕೆಲಸ ಸಾಕು. ಕಳೆದ 12 ತಿಂಗಳ ಬಿಲ್ಲುಗಳನ್ನು ಗ್ರಾಹಕವಾರು ಕೂಡಿಸಿ, ಹೆಚ್ಚು ವ್ಯಾಪಾರ ಕೊಟ್ಟ 20 ಹೆಸರು ಆರಿಸಿ. ಪ್ರತಿ ಹೆಸರಿನ ಎದುರು ಮೂರು ಸಂಗತಿ ಬರೆಯಿರಿ: ಅವರೊಂದಿಗೆ ಮಾತಾಡುವವರು ಯಾರು, ಯಾವ ನಂಬರ್ ಅಥವಾ ಇಮೇಲ್‌ನಿಂದ, ಅವರಿಗೆ ಕೊಟ್ಟ ದರ ಮತ್ತು ರಿಯಾಯಿತಿ ಎಲ್ಲಿ ದಾಖಲಾಗಿದೆ. ಮೂರನೆಯ ಪ್ರಶ್ನೆಗೆ ‘ಅದು ಅವರಿಗೇ ಗೊತ್ತು’ ಎಂಬ ಉತ್ತರ ಬಂದರೆ, ಆ ಗ್ರಾಹಕರು ಆಗಲೇ ಅರ್ಧ ಕೈತಪ್ಪಿದ್ದಾರೆ.

ಮೊದಲು, ಗ್ರಾಹಕರು ಕರೆ ಮಾಡುವ ಸಿಮ್ ಸಂಸ್ಥೆಯ ಹೆಸರಿಗೆ ಬರಲಿ. ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆ ಆ ಸಿಮ್‌ನಲ್ಲೇ ಇರಲಿ, ಅದರ ಆರು ಅಂಕಿಯ ಪಿನ್ ಮತ್ತು ಅದಕ್ಕೆ ಜೋಡಿಸಿದ ಇಮೇಲ್ ಮಾಲೀಕರ ಕೈಯಲ್ಲಿರಲಿ. ಇಮೇಲ್ ಸಂಸ್ಥೆಯ ಸ್ವಂತ ಡೊಮೇನ್‌ನದ್ದಾಗಬೇಕು, ಅಂದರೆ ವಿಳಾಸದಲ್ಲಿ @ ನಂತರ ಸಂಸ್ಥೆಯದೇ ಹೆಸರಿರಬೇಕು. ದೊಡ್ಡ ಗ್ರಾಹಕರಿಗೆ ಇಬ್ಬರ ಪರಿಚಯವಾದರೂ ಇರಲೇಬೇಕು: ಒಬ್ಬರು ಆರ್ಡರ್ ನೋಡಿದರೆ ಇನ್ನೊಬ್ಬರು ಬಿಲ್ ಅಥವಾ ಸರ್ವಿಸ್ ನೋಡಲಿ. ಮೂರು ತಿಂಗಳಿಗೊಮ್ಮೆ ಮಾಲೀಕರೇ ಕರೆ ಮಾಡಿ ಕೆಲಸ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಬೇಕು. ವರ್ಷಗಟ್ಟಲೆ ದನಿಯೇ ಕೇಳಿಸದ ಮಾಲೀಕರು, ನೌಕರರು ಬಿಟ್ಟುಹೋದ ಮರುದಿನ ಫೋನ್ ಮಾಡಿದರೆ ಗ್ರಾಹಕರಿಗೆ ಗಾಬರಿ ಮಾತ್ರ ಕಾಣಿಸುತ್ತದೆ.

ಅನುಮಾನಕ್ಕೆ ಆಧಾರ ಬೇಕೆಂದರೆ ನಡವಳಿಕೆಗಿಂತ ಲೆಕ್ಕ ನೋಡುವುದು ಮೇಲು. ಗುಟ್ಟಾಗಿ ಫೋನಿನಲ್ಲಿ ಮಾತಾಡುವುದು, ಮೇಲಿಂದ ಮೇಲೆ ರಜೆ ಹಾಕುವುದು ಮನೆಯ ತೊಂದರೆಯಿಂದಲೂ ಇರಬಹುದು. ಆದರೆ ಗ್ರಾಹಕರ ವಿಚಾರಣೆಗಳು ಮೊದಲಿನಷ್ಟೇ ಬರುತ್ತಿದ್ದು, ಒಬ್ಬರೇ ನೋಡಿಕೊಳ್ಳುವ ಕೊಟೇಶನ್‌ಗಳು ಮಾತ್ರ ‘ದರ ಜಾಸ್ತಿಯಾಯಿತಂತೆ’ ಎಂಬ ಕಾರಣಕ್ಕೆ ಬಿದ್ದುಹೋಗುತ್ತಿದ್ದರೆ ಗಮನಿಸಿ. 30 ದಿನಕ್ಕೊಮ್ಮೆ ಆರ್ಡರ್ ಕೊಡುತ್ತಿದ್ದವರು 60 ದಿನಕ್ಕೆ ಜಾರಿದ್ದಾರೆಯೇ ನೋಡಿ. ಹೀಗೆ ಬಿದ್ದುಹೋದ ಐದಾರು ಕೊಟೇಶನ್‌ಗಳ ಗ್ರಾಹಕರಿಗೆ ಬೇರೊಬ್ಬರಿಂದ ಕರೆ ಮಾಡಿಸಿ, ಯಾರ ಮೇಲೂ ದೂರು ಹೇಳದೆ, ‘ನಮ್ಮ ದರ ನಿಮಗೆ ಎಷ್ಟೆಂದು ಬಂದಿತ್ತು?’ ಎಂದಷ್ಟೇ ಕೇಳಿಸಿ. ಉತ್ತರಕ್ಕೂ ನಿಮ್ಮ ಕಡತಕ್ಕೂ ತಾಳೆಯಾಗದಿದ್ದರೆ ಮುಂದೆ ನೋಡಬೇಕಾದದ್ದಿದೆ.

ಆಗ ಸಂಸ್ಥೆಯ ಖಾತೆಗಳನ್ನಷ್ಟೇ ಪರಿಶೀಲಿಸಿ: ವೈಯಕ್ತಿಕ ವಿಳಾಸಕ್ಕೆ ಹೋದ ಇಮೇಲ್‌ಗಳು, ಗ್ರಾಹಕರ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿದ ದಾಖಲೆ, ಹೊರಗಿನವರೊಂದಿಗೆ ಹಂಚಿಕೊಂಡ ಫೈಲುಗಳು. ಆಫೀಸಿನ ಕಂಪ್ಯೂಟರಿನಲ್ಲಿ ಅವರ ಸ್ವಂತ ವಾಟ್ಸ್‌ಆ್ಯಪ್ ತೆರೆದೇ ಇದ್ದರೂ ಓದಬೇಡಿ. ತಪ್ಪು ಅವರದಾಗಿದ್ದರೂ ಕಾನೂನಿನ ತೊಡಕು ನಿಮ್ಮ ಕೊರಳಿಗೆ ಬೀಳಬಹುದು. ಇನ್ನೊಂದು ಎಡವಟ್ಟು ಮೇಲಿಂದ ಮೇಲೆ ನಡೆಯುತ್ತದೆ. ಹೊಸಬರಿಗೆ ಕೊಡಬೇಕೆಂದು ಹೋದವರ ಲ್ಯಾಪ್‌ಟಾಪ್ ಅನ್ನು ಮರುದಿನವೇ ಫಾರ್ಮ್ಯಾಟ್ ಮಾಡಿಸುತ್ತಾರೆ, ಅದರೊಂದಿಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಅನುಮಾನವಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ, ದಿನಾಂಕ ಬರೆದು, ಕನಿಷ್ಠ ಮೂರು ತಿಂಗಳು ಬೀಗ ಹಾಕಿಡಿ.

ಕೆಲಸ ಬಿಟ್ಟ ಮೇಲೆ ಸಂಸ್ಥೆಯೊಂದಿಗೆ ಸ್ಪರ್ಧಿಸಬಾರದು ಎಂದು ನೌಕರರಿಂದ ಬರೆಸಿಕೊಳ್ಳುವ ಒಪ್ಪಂದದ ಬಲ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳು ಅವಧಿ ಮತ್ತು ವ್ಯಾಪ್ತಿ ನ್ಯಾಯಯುತವಾಗಿದ್ದರೆ ಇಂಥ ನಿರ್ಬಂಧವನ್ನು ಎತ್ತಿಹಿಡಿಯುತ್ತವೆ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಕಲಮಿನಿಂದಾಗಿ, ಕೆಲಸ ಬಿಟ್ಟ ಮೇಲೆ ಅದೇ ವೃತ್ತಿ ಮಾಡಬಾರದು ಎಂಬ ಷರತ್ತು ಊರ್ಜಿತವಾಗುವುದಿಲ್ಲ. ಕೆಲಸದಲ್ಲಿರುವಾಗ ಸ್ಪರ್ಧಿಸಬಾರದು ಎಂಬ ಷರತ್ತು ನಿಲ್ಲುತ್ತದೆ. ಸಂಸ್ಥೆಯ ದತ್ತಾಂಶವನ್ನು ನಕಲು ಮಾಡಿಕೊಂಡದ್ದೂ ಪ್ರಶ್ನಾರ್ಹವೇ: 1995ರಲ್ಲಿ ದೆಹಲಿ ಹೈಕೋರ್ಟ್ ಗ್ರಾಹಕರ ವಿವರಗಳ ಸಂಗ್ರಹಕ್ಕೆ ಕೃತಿಸ್ವಾಮ್ಯ ಉಂಟೆಂದು ಪರಿಗಣಿಸಿ ಮಾಜಿ ನೌಕರರ ವಿರುದ್ಧ ತಡೆಯಾಜ್ಞೆ ಕೊಟ್ಟಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಅನುಮತಿಯಿಲ್ಲದೆ ದತ್ತಾಂಶ ತೆಗೆದುಕೊಳ್ಳುವುದಕ್ಕೆ ಅನ್ವಯಿಸುತ್ತದೆ. ಹಾಗಾಗಿ ‘ಸ್ಪರ್ಧಿಸಬೇಡಿ’ ಎಂದು ಹತ್ತು ಪುಟ ಬರೆಸುವುದಕ್ಕಿಂತ, ಯಾವ ಪಟ್ಟಿ, ಯಾವ ದರ, ಯಾವ ಕಡತ ಗೋಪ್ಯ ಎಂದು ಒಂದು ಪುಟದಲ್ಲಿ ಹೆಸರಿಸಿ ಸಹಿ ಪಡೆಯುವುದು ಹೆಚ್ಚು ಉಪಯುಕ್ತ. ಆ ಸಹಿ ಕೆಲಸಕ್ಕೆ ಸೇರುವ ದಿನದ್ದಾಗಬೇಕು. ರಾಜೀನಾಮೆ ಕೊಟ್ಟವರು ಹೊಸ ಕಾಗದಕ್ಕೆ ಸಹಿ ಹಾಕುವುದು ಅಪರೂಪ.

ಹೊರಡುವ ದಿನ ಹೆಚ್ಚಿನವರು ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುತ್ತಾರೆ, ಅದು ಸಾಲದು. ಇಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಅಥವಾ ಫಿಲ್ಟರ್ ಒಂದಿದ್ದರೆ, ಪಾಸ್‌ವರ್ಡ್ ಬದಲಾದ ಮೇಲೂ ಪ್ರತಿ ವಿಚಾರಣೆಯ ಪ್ರತಿ ಅವರ ವಿಳಾಸಕ್ಕೆ ಹೋಗುತ್ತಲೇ ಇರುತ್ತದೆ. ಮೊದಲು ಅದನ್ನು ತೆಗೆಯಿರಿ, ಆಮೇಲೆ ಪಾಸ್‌ವರ್ಡ್, ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರ್ ಬದಲಿಸಿ, ಕೊನೆಗೆ ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ (ಖಾತೆಗೆ ಜೋಡಿಸಿದ ಬೇರೆ ಸಾಧನಗಳ ಪಟ್ಟಿ) ಅವರ ಸಾಧನವಿದ್ದರೆ ತೆಗೆದುಹಾಕಿ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ ಮತ್ತು ಮ್ಯಾಪ್‌ನಲ್ಲಿ ಕಾಣುವ ಸಂಸ್ಥೆಯ ವಿವರ) ಅವರ ಹೆಸರಿನಲ್ಲಿದ್ದರೆ ಮುಂಚಿತವಾಗಿಯೇ ಎಚ್ಚೆತ್ತುಕೊಳ್ಳಿ: ಅಲ್ಲಿ ಹೊಸ ಓನರ್‌ಗೆ ಪೂರ್ಣ ಅಧಿಕಾರ ಸಿಗಲು 7 ದಿನ ಕಾಯಬೇಕು. ಸಿಟ್ಟಿನಲ್ಲಿ ಕೊನೆಯ ಸಂಬಳವನ್ನು ಮಾತ್ರ ತಡೆಯಬೇಡಿ. ಗ್ರಾಹಕರನ್ನು ಕೊಂಡೊಯ್ದವರೇ ದೂರುದಾರರಾಗಿ, ನೀವು ಉತ್ತರ ಕೊಡಬೇಕಾದೀತು. ಲೆಕ್ಕ ಚುಕ್ತಾ ಮಾಡಿ, ಹಿಂದಿರುಗಿಸಿದ ವಸ್ತುಗಳ ಪಟ್ಟಿಗೆ ಇಬ್ಬರೂ ಸಹಿ ಹಾಕಿ.

ಅದೇ ದಿನ ಪಟ್ಟಿಯ ಮೊದಲ 20 ಗ್ರಾಹಕರಿಗೆ ಕರೆ ಹೋಗಬೇಕು, ಮಾಲೀಕರಿಂದಲೇ. ಹೇಳಬೇಕಾದದ್ದು ಇಷ್ಟು: ‘ಇಂದಿನಿಂದ ನಿಮ್ಮ ಕೆಲಸವನ್ನು ಇವರು ನೋಡಿಕೊಳ್ಳುತ್ತಾರೆ, ನಿಮ್ಮ ಬಾಕಿ ಆರ್ಡರ್ ಈ ಹಂತದಲ್ಲಿದೆ, ಈ ದಿನ ತಲುಪುತ್ತದೆ.’ ಹೊರಟವರ ಬಗ್ಗೆ ಕೇಳಿದರೆ ‘ಕೆಲಸ ಬಿಟ್ಟಿದ್ದಾರೆ’ ಎನ್ನುವುದಷ್ಟೇ ಉತ್ತರ. ಕೆಟ್ಟದ್ದು ಹೇಳಿದರೆ ಮಾನಹಾನಿಯ ಮಾತು ಒತ್ತಟ್ಟಿಗಿರಲಿ, ವರ್ಷಗಟ್ಟಲೆ ಅವರನ್ನು ನಂಬಿದ ಗ್ರಾಹಕರಿಗೇ ಅದು ನೋವು.

ಗಾಬರಿಯಲ್ಲಿ ಎಲ್ಲರಿಗೂ ರಿಯಾಯಿತಿ ಘೋಷಿಸುವುದು ದುಬಾರಿ ತಪ್ಪು. ಹೋಗದೇ ಇದ್ದವರೂ ಇಳಿದ ದರಕ್ಕೆ ಒಗ್ಗಿಕೊಳ್ಳುತ್ತಾರೆ. ಹೋದೇ ಬಿಟ್ಟ ಗ್ರಾಹಕರ ಬಾಕಿ ಕೆಲಸವನ್ನು ಚೊಕ್ಕಟವಾಗಿ ಮುಗಿಸಿ, ಅವರ ಕಡತ ಮುಚ್ಚದೆ, ಮೂರು ತಿಂಗಳ ಬಳಿಕ ಒಮ್ಮೆ ಕರೆ ಮಾಡಿ. ಕೆಲಸ ಬಿಟ್ಟ ನೌಕರರು ಒಬ್ಬರೇ ಹೊಸದಾಗಿ ವ್ಯವಹಾರ ಶುರು ಮಾಡಿದಾಗ ಎರಡು ಆರ್ಡರ್ ಒಟ್ಟಿಗೆ ಬಂದರೆ ಒಂದು ತಡವಾಗುತ್ತದೆ, ರಿಪೇರಿಗೆ ಕಳಿಸಲು ಜನ ಇರುವುದಿಲ್ಲ, ಉದ್ರಿ ಕೊಡುವಷ್ಟು ಬಂಡವಾಳವೂ ಇರುವುದಿಲ್ಲ. ಆ ಕರೆಯಲ್ಲಿ ಹಳೆಯದನ್ನು ಕೆದಕದೆ, ಗ್ರಾಹಕರಿಗೆ ಆಗ ಬೇಕಿರುವ ಒಂದು ಕೆಲಸಕ್ಕೆ ಮಾತ್ರ ಕೊಟೇಶನ್ ಕೊಡಿ.