ಲೈನ್ ಮನೆಯ ಕೂಸು ಯಾರ ಲೆಕ್ಕಕ್ಕೆ?

ಜನವರಿಯ ಕೊಯ್ಲಿನ ಹೊತ್ತಿಗೆ ಕೊಡಗಿನ ಸುಂಟಿಕೊಪ್ಪದ ಕಡೆಯ ಕಾಫಿ ತೋಟಗಳಲ್ಲಿ ನಡೆದರೆ, ಹಲಸಿನ ಕೊಂಬೆಗೆ ಕಟ್ಟಿದ ಹಳೇ ಸೀರೆಯ ಜೋಲಿ ಎಲ್ಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಳಗೆ ಏಳೆಂಟು ತಿಂಗಳ ಕೂಸು. ತೂಗಲು ಆರೇಳು ವರ್ಷದ ಅಕ್ಕ; ಕೊಯ್ಲು ಮುಗಿಯುವ ತನಕ ಅವಳಿಗೆ ಸ್ಕೂಲಿಲ್ಲ. ತಾಯಿ ನಾಲ್ಕು ಸಾಲು ಆಚೆ ಹಣ್ಣು ಕೊಯ್ಯುತ್ತಿರುತ್ತಾಳೆ. ಕೂಲಿ ಕೆ.ಜಿ. ಲೆಕ್ಕದ್ದಾದರೆ, ಹಾಲೂಡಿಸಲು ಕೂತ ಇಪ್ಪತ್ತು ನಿಮಿಷ ಸಂಜೆ ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ಆ ಜೋಲಿಯ ಬದಲು ಒಂದು ಕೋಣೆ, ನೋಡಿಕೊಳ್ಳಲು ಒಬ್ಬ ಆಯಾ ಇರಬೇಕೆಂದು ಕಾನೂನು ಹೇಳಿ ಎಪ್ಪತ್ತು ವರ್ಷ ದಾಟಿತು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಜಾರಿಗೆ ಬಂದದ್ದು 1954ರ ಏಪ್ರಿಲ್ 1ರಂದು. ಕೊಡಗು ಆಗ ಇನ್ನೂ ಪ್ರತ್ಯೇಕ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ, ಆರು ವರ್ಷದೊಳಗಿನ ಅವರ ಮಕ್ಕಳಿಗೆ ಮಾಲೀಕರೇ ಶಿಶುಪಾಲನಾ ಕೇಂದ್ರ ನಡೆಸಬೇಕೆಂದು ಕಾಯ್ದೆಯ 12ನೇ ಸೆಕ್ಷನ್ ವಿಧಿಸಿತು. ಬರೆದವರಿಗೆ ತೋಟದ ಬದುಕು ಗೊತ್ತಿತ್ತು ಅನ್ನಿಸುತ್ತದೆ.

ತೊಡಕು ಇದ್ದದ್ದು ಎಣಿಕೆಯಲ್ಲಿ. 25 ಎಕರೆಗಿಂತ ಸಣ್ಣ ತೋಟ ಮೊದಲು ಕಾಯ್ದೆಯೊಳಗೇ ಇರಲಿಲ್ಲ. 1981ರ ತಿದ್ದುಪಡಿ ಆ ಮಿತಿಯನ್ನು 5 ಹೆಕ್ಟೇರ್‌ಗೆ ಇಳಿಸಿತು, ಹೆಂಗಸರು 50 ಮಂದಿ ಇಲ್ಲದಿದ್ದರೂ ಅವರ ಮಕ್ಕಳು 20 ಇದ್ದರೆ ಸಾಕು ಎಂದಿತು. ಒಳ್ಳೆಯ ತಿದ್ದುಪಡಿಯೇ. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರ್‌ ಒಳಗಿನವು. ಏಳೆಂಟು ಎಕರೆಯ ತೋಟದಲ್ಲಿ ಕೊಯ್ಲಿಗೆ ಬರುವ ಹೆಂಗಸರೇ ಹತ್ತು ಹನ್ನೆರಡು. ಮಕ್ಕಳು ಇಪ್ಪತ್ತು ಎಲ್ಲಿಂದ ಆಗಬೇಕು? ಅಂಥ ಬೆಳೆಗಾರರ ಹೆಗಲಿಗೆ ಬಾಲವಾಡಿಯ ಖರ್ಚು ಹೊರಿಸುವುದೂ ನ್ಯಾಯವಲ್ಲ. ಅಲ್ಲಿ ಸರ್ಕಾರವೇ ಬರಬೇಕಿತ್ತು.

ಸರ್ಕಾರ ಬಂತು, ಬೇರೆ ಬಾಗಿಲಿಂದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ತಿ. ನರಸೀಪುರ. ಅಲ್ಲಿಂದ ಹಬ್ಬಿದ ಅಂಗನವಾಡಿಗೆ ಅಳತೆ ಊರಿನ ಜನಸಂಖ್ಯೆ. ಕೊಡಗಿನಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳಲ್ಲ. ತೋಟದ ಮೂಲೆಯಲ್ಲೊಂದು ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ; ಕಾಡಿನಂಚಿಗೆ ಆದಿವಾಸಿಗಳಾದ ಜೇನುಕುರುಬರದೋ ಯರವರದೋ ಒಂದು ಹಾಡಿ. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಕಡೆ ಜನ ಕೇಳಿದರೆ ಮೂರು ತಿಂಗಳೊಳಗೆ ಕೊಡಿ ಎಂದಿತು. ಹತ್ತು ಮನೆಯ ಹಾಡಿಗೆ ಆ ನಲವತ್ತೂ ದೂರವೇ.

ದುಡ್ಡಿನ ವಿಷಯವನ್ನು ಎರಡು ಮಾತಲ್ಲಿ ಹೇಳಬಹುದು. ಪೂರಕ ಪೌಷ್ಟಿಕ ಆಹಾರಕ್ಕೆ ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು ಕೇಂದ್ರ ನಿಗದಿ ಮಾಡಿದ್ದು 2017ರಲ್ಲಿ. ಈಗ ಅಂಗಡಿಯಲ್ಲಿ ಒಂದು ಮೊಟ್ಟೆಗೇ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಅಂಗನವಾಡಿ ಟೀಚರ್‌ಗೆ ಕೇಂದ್ರದ ಗೌರವಧನ 2018ರ ಅಕ್ಟೋಬರ್‌ನಿಂದ 4,500 ರೂಪಾಯಿ. ಉಳಿದದ್ದನ್ನು ರಾಜ್ಯ ತುಂಬುತ್ತದೆ.

ನನ್ನ ತಕರಾರು ಮೊತ್ತಕ್ಕಿಂತ ಹೆಚ್ಚಾಗಿ ಹೊತ್ತಿನದು. ತೋಟದಲ್ಲಿ ಕೆಲಸ ಶುರುವಾಗುವುದು ಎಂಟು ಗಂಟೆಗೆ, ಅಂಗನವಾಡಿ ಬಾಗಿಲು ತೆರೆಯುವುದು ಅದಾದ ಮೇಲೆ. ಅಲ್ಲಿ ಕೂತು ಆಡಿ ಕಲಿಯುವುದೂ ಮೂರು ದಾಟಿದ ಮಕ್ಕಳು. ಅದಕ್ಕಿಂತ ಸಣ್ಣವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಪೊಟ್ಟಣ ಕೂಸನ್ನು ಎತ್ತಿಕೊಳ್ಳುವುದಿಲ್ಲವಲ್ಲ. 2025ರ ಜುಲೈನಿಂದ ಆ ಪೊಟ್ಟಣಕ್ಕೂ ಗುರುತಿಗಾಗಿ ಮೊಬೈಲಿನಲ್ಲಿ ಮುಖ ತೋರಿಸಬೇಕು. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವ ಜಿಲ್ಲೆಯಲ್ಲಿ ಟೀಚರ್ ಫೋನ್ ಎತ್ತಿ ಹಿಡಿದು ಅಂಗಳದಲ್ಲಿ ಸುತ್ತಬೇಕಾಗುತ್ತದೆ.

ಈ ಮೂರು ವರ್ಷದೊಳಗಿನ ಮಕ್ಕಳಿಗೆಂದೇ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು 2023ರಲ್ಲಿ ಹೊರಟಿತು. ಹೆಸರೇ ಚೆಂದ. ಆದರೆ ಅದನ್ನು ಹೊಲಿದದ್ದು ನರೇಗಾ ಕೂಲಿಯ ತಾಯಂದಿರ ಅಳತೆಗೆ; ಖಾಸಗಿ ತೋಟದಲ್ಲಿ ಹಣ್ಣು ಕೊಯ್ಯುವುದು ನರೇಗಾ ಕೆಲಸವಲ್ಲ. ಪಂಚಾಯಿತಿ ಕಟ್ಟಡದಿಂದ ತೋಟಕ್ಕೆ ನಾಲ್ಕೈದು ಕಿಲೋಮೀಟರ್ ಏರಿಳಿತ ಬೇರೆ.

2025ರ ನವೆಂಬರ್ 21ರಿಂದ ಹಳೆಯ ತೋಟ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿದೆ. ಈಗ ಲೆಕ್ಕಕ್ಕೆ ಹೆಂಗಸರಷ್ಟೇ ಅಲ್ಲ, ಗಂಡಸರೂ ಸೇರಿ 50 ಅಥವಾ ಹೆಚ್ಚು ಕೆಲಸಗಾರರು. ಮಗು ತಾಯಿಯೊಬ್ಬಳದೇ ಅಲ್ಲ ಎಂದು ಕಾನೂನು ಕೊನೆಗೂ ಒಪ್ಪಿತು. ಐವತ್ತರ ಗಡಿ ಮಾತ್ರ ಅಲ್ಲೇ ಇದೆ.

ಅಷ್ಟರಲ್ಲಿ ಲೈನ್ ಮನೆಯ ಜನವೇ ಬದಲಾಗಿದ್ದಾರೆ. ಅಸ್ಸಾಂನಿಂದ ಬಂದ ಕುಟುಂಬಗಳು ಇವತ್ತು ಈ ತೋಟ, ನಾಳೆ ಇನ್ನೊಂದು. ಯಾವ ಊರಿನ ಜನಸಂಖ್ಯೆಯಲ್ಲಿ, ಯಾವ ಮಾಲೀಕನ ಹಾಜರಿ ಪುಸ್ತಕದಲ್ಲಿ ಆ ಮಕ್ಕಳನ್ನು ಹುಡುಕುವುದು? ಬೆಳಿಗ್ಗೆ ಏಳೂವರೆಗೆ ಜೀಪು ಬಂದು ನಿಲ್ಲುತ್ತದೆ. ಹೆಂಗಸರು ಹತ್ತುತ್ತಾರೆ, ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಬುತ್ತಿ ಚೀಲದ ಪಕ್ಕದಲ್ಲಿ ಮಡಚಿಟ್ಟ ಒಂದು ಹಳೇ ಸೀರೆಯೂ ಹೋಗುತ್ತದೆ.